ಅಲ್ಲಾಡದೆ ಕೂತು ಬಂದವರ ಕಾಲು

ದೂರದ ಪ್ರಯಾಣ ಮುಗಿಸಿ ಬಂದವರ ಬಗ್ಗೆ ಮನೆಯವರು ಹೇಳುವ ಒಂದು ಮಾತಿದೆ. "ಪಾಪ, ಅಷ್ಟು ದೂರ ಯಾರಿಗೂ ತೊಂದರೆ ಕೊಡದೆ ಕೂತ್ಕೊಂಡು ಬಂದ್ರು. ಒಂದು ಸಲಾನೂ ಎದ್ದಿಲ್ಲ." ಇದನ್ನು ನಾವು ಹೊಗಳಿಕೆಯಾಗಿಯೇ ಹೇಳುತ್ತೇವೆ. ವಯಸ್ಸಾದವರ ಬಗ್ಗೆಯಂತೂ ಇನ್ನೂ ಜಾಸ್ತಿ. ನೀರು ಕೇಳಲಿಲ್ಲ, ಬಸ್ಸು ನಿಲ್ಲಿಸಿ ಅನ್ನಲಿಲ್ಲ, ಪಕ್ಕದವರನ್ನು ಎಬ್ಬಿಸಲಿಲ್ಲ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈಗ ಕಸಿವಿಸಿಯಾಗುತ್ತದೆ. ನಮ್ಮ ಚಿಕ್ಕಮ್ಮನ ಬಗ್ಗೆಯೂ ಎಲ್ಲರೂ ಹೀಗೇ ಹೇಳಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಿದ್ದರು ಅವರು. ಅದೇ ವಾರ ಅವರ ಎಡಗಾಲು ಊದಿಕೊಂಡಿತು.

ಪ್ರಯಾಣ ಮಾಡಿದರೆ ಕಾಲು ಊದುತ್ತದೆ, ಅದರಲ್ಲೇನು ವಿಶೇಷ ಅನ್ನಿಸಬಹುದು. ನಿಜ, ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಎರಡೂ ಪಾದ ಊದುವುದು ತೀರಾ ಸಾಮಾನ್ಯ. ಚಪ್ಪಲಿ ಬಿಗಿಯಾಗುತ್ತದೆ, ಒಂದು ರಾತ್ರಿ ಮಲಗಿ ಎದ್ದರೆ ಇಳಿದುಹೋಗುತ್ತದೆ. ಚಿಕ್ಕಮ್ಮನಿಗೆ ಆಗಿದ್ದು ಅದಲ್ಲ. ಬಲಗಾಲು ಎಂದಿನಂತೆಯೇ ಇತ್ತು. ಎಡಗಾಲಿನ ಮೀನಖಂಡ ಮಾತ್ರ ಗಟ್ಟಿಯಾಗಿ, ಬೆಚ್ಚಗೆ, ಮುಟ್ಟಿದರೆ ನೋಯುವ ಹಾಗಾಗಿತ್ತು. ನೋವು ಅಂದಾಗ ಮನೆಯಲ್ಲಿ ಎಲ್ಲರಿಗೂ ಹೊಳೆದದ್ದು ಒಂದೇ, ಕಾಲು ಒತ್ತಿಕೊಡೋಣ ಅಂತ. ಅದೃಷ್ಟಕ್ಕೆ ಮುಟ್ಟಿಸಿಕೊಳ್ಳುವುದಕ್ಕೇ ಅವರಿಗೆ ಆಗುತ್ತಿರಲಿಲ್ಲ. ಇಂಥ ಕಾಲನ್ನು ತಿಕ್ಕಬಾರದು, ಒತ್ತಬಾರದು ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದರ ಒಂದು ಚೂರು ಕಿತ್ತುಕೊಂಡು ಮೇಲಕ್ಕೆ ಹೊರಟುಬಿಡಬಹುದು.

ಟೇಪು ಹಿಡಿದ ಡಾಕ್ಟರು

ಡಾಕ್ಟರು ಚಿಕ್ಕ ವಯಸ್ಸಿನವರು. ಚಿಕ್ಕಮ್ಮನನ್ನು ಮಂಚದ ಮೇಲೆ ಕೂರಿಸಿ ಎರಡೂ ಕಾಲು ನೀಡಿಕೊಳ್ಳಲು ಹೇಳಿದರು. ದರ್ಜಿಗಳು ಬಳಸುವಂಥ ಟೇಪು ತೆಗೆದರು. ಮಂಡಿಯ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿದರು. ಎರಡೂ ಕಾಲಿಗೂ ಒಂದೇ ಎತ್ತರದಲ್ಲಿ. ಆಮೇಲೆ ಸುತ್ತಳತೆ ತೆಗೆದರು. ಎಡಗಾಲು ಬಲಗಾಲಿಗಿಂತ 3 ಸೆಂಟಿಮೀಟರಿಗೂ ಜಾಸ್ತಿ ದಪ್ಪ ಇತ್ತು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದು ಬಿಟ್ಟರು. ಒತ್ತಿದ ಜಾಗದಲ್ಲಿ ಗುಳಿ ಹಾಗೇ ಉಳಿಯಿತು.

"ಅಮ್ಮ, ಇತ್ತೀಚೆಗೆ ಎಲ್ಲಾದ್ರೂ ದೂರ ಹೋಗಿದ್ರಾ?"

"ಹೋಗಿದ್ದೆ, ಬಸ್ಸಲ್ಲಿ. ಆದ್ರೆ ಕಾಲಿಗೇನೂ ಕೆಲ್ಸ ಕೊಟ್ಟಿಲ್ಲ ಡಾಕ್ಟ್ರೇ. ಸುಮ್ನೆ ಕೂತಿದ್ದೆ ಅಷ್ಟೆ."

ಆ ಉತ್ತರ ಕೇಳಿ ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಅವತ್ತೇ ಸ್ಕ್ಯಾನ್ ಆಗಲಿ ಅಂದರು.

ಡಾಪ್ಲರ್ ಸ್ಕ್ಯಾನ್ ಅನ್ನುವುದು ನೋಡಲು ಸರಳ. ಕಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಅದರ ಮೇಲೆ ಒಂದು ಉಪಕರಣ ಇಟ್ಟು ಒತ್ತುತ್ತಾ ಹೋಗುತ್ತಾರೆ. ಪರದೆಯ ಮೇಲೆ ರಕ್ತನಾಳ ಒಂದು ಕಪ್ಪು ಗುಂಡಗಿನ ಚುಕ್ಕೆಯ ಹಾಗೆ ಕಾಣುತ್ತದೆ. ಮೇಲಿಂದ ಒತ್ತಿದರೆ ಆರೋಗ್ಯವಾಗಿರುವ ನಾಳ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ತೆರೆಯುತ್ತದೆ. ಬಲಗಾಲಿನಲ್ಲಿ ಹಾಗೇ ಆಯಿತು. ಒತ್ತಿದಾಗ ಮಾಯ, ಬಿಟ್ಟಾಗ ಹಾಜರ್. ಎಡಗಾಲಿನಲ್ಲಿ ತೊಡೆಯಿಂದ ಶುರು ಮಾಡಿ ಕೆಳಗೆ ಬಂದರು. ಮಂಡಿಯ ಹಿಂದೆ ಬಂದಾಗ ಒತ್ತಿದರೂ ಆ ಚುಕ್ಕೆ ಮುಚ್ಚಲಿಲ್ಲ. ಸ್ಕ್ಯಾನ್ ಮಾಡುತ್ತಿದ್ದವರು ಏನೂ ಹೇಳಲಿಲ್ಲ. ಇನ್ನೊಮ್ಮೆ ಒತ್ತಿದರು. ಗುಂಡಗೆ ಹಾಗೇ ಇತ್ತು. ಒಳಗೆ ಏನೋ ತುಂಬಿಕೊಂಡಿದೆ ಅನ್ನುವುದು ನನ್ನಂಥವಳಿಗೂ ಅರ್ಥವಾಯಿತು.

ಡೀಪ್ ವೇಯ್ನ್ ಥ್ರಾಂಬೋಸಿಸ್, ಚಿಕ್ಕದಾಗಿ ಡಿವಿಟಿ ಅಂದರು. ಕಾಲಿನ ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ರಕ್ತ ತೆಳು ಮಾಡುವ ಮಾತ್ರೆ ಅಂತ ನಾವೆಲ್ಲ ಕರೆಯುತ್ತೇವಲ್ಲ, ಅದನ್ನು ತಿಂಗಳುಗಟ್ಟಲೆ ಕೊಟ್ಟರು. ಆ ಮಾತ್ರೆ ಆಗಲೇ ಆಗಿರುವ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದ ಹಾಗೆ, ಹೊಸದು ಆಗದ ಹಾಗೆ ತಡೆಯುತ್ತದೆ. ಕರಗಿಸುವ ಕೆಲಸ ದೇಹವೇ ನಿಧಾನಕ್ಕೆ ಮಾಡಿಕೊಳ್ಳುತ್ತದೆ. ಚಿಕ್ಕಮ್ಮ ಈಗ ಚೆನ್ನಾಗಿದ್ದಾರೆ. ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಮೊದಲೇ ಸಿಕ್ಕಿತು, ಅದು ಅವರ ಪುಣ್ಯ.

ಮೀನಖಂಡ ಮಾಡುವ ಕೆಲಸ

ಸುಮ್ಮನೆ ಕೂತರೆ ಯಾಕೆ ಹೀಗಾಗಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕೂರುವುದು ವಿಶ್ರಾಂತಿ ತಾನೇ?

ಹೃದಯ ರಕ್ತವನ್ನು ಕಾಲಿನ ತನಕ ತಳ್ಳುತ್ತದೆ. ವಾಪಸ್ ಮೇಲೆ ಬರುವಾಗ ಆ ತಳ್ಳುವಿಕೆಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಪಾದದಿಂದ ಎದೆಯ ತನಕ ರಕ್ತ ಭೂಮಿಯ ಸೆಳೆತಕ್ಕೆ ಎದುರಾಗಿ ಏರಬೇಕು. ಅದನ್ನು ಮೇಲೆ ಕಳಿಸುವುದು ಮೀನಖಂಡದ ಸ್ನಾಯು. ನಡೆಯುವಾಗ ಹೆಜ್ಜೆ ಹೆಜ್ಜೆಗೂ ಆ ಸ್ನಾಯು ಬಿಗಿಯುತ್ತದೆ. ಅದರ ಒಳಗೆ, ನಡುನಡುವೆ ಇರುವ ನಾಳಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಹೋದದ್ದು ಮತ್ತೆ ಕೆಳಗೆ ಜಾರದ ಹಾಗೆ ನಾಳದೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ, ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ. ಈ ಕವಾಟಗಳ ಕೆಲಸ ಏನು ಅಂತ 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ತೋರಿಸಿಕೊಟ್ಟ. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳದ ಮೇಲೆ ಬೆರಳಿಟ್ಟು ಸವರಿ, ರಕ್ತ ಒಂದೇ ದಿಕ್ಕಿಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಅಂತ ಯಾರು ಬೇಕಾದರೂ ನೋಡುವ ಹಾಗೆ ಮಾಡಿದ.

ಅಲುಗಾಡದೆ ನಿಂತಾಗ ಪಾದದ ಗಂಟಿನ ಹತ್ತಿರ ನಾಳದೊಳಗಿನ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ನಡೆಯಲು ಶುರು ಮಾಡಿ ಕೆಲವೇ ಹೆಜ್ಜೆ ಹಾಕಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕೆಲವೇ ಹೆಜ್ಜೆ! ಈ ಲೆಕ್ಕ ಓದಿದಾಗ ನನಗೆ ಆಶ್ಚರ್ಯಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು. ಮೈಲಿಗಟ್ಟಲೆ ನಡೆಯಬೇಕಿಲ್ಲ. ಮೀನಖಂಡ ಒಂದಿಷ್ಟು ಸಲ ಬಿಗಿದು ಸಡಿಲಾದರೆ ಸಾಕು.

ಕೂತಾಗ ಈ ಹಿಂಡುವ ಕೆಲಸ ನಿಂತುಹೋಗುತ್ತದೆ. ಮಂಡಿ ಮಡಚಿರುತ್ತದೆ, ಅಲ್ಲೇ ನಾಳ ಬಾಗಿರುತ್ತದೆ. ಸೀಟಿನ ಅಂಚು ತೊಡೆಯ ಹಿಂಭಾಗಕ್ಕೆ ಒತ್ತುತ್ತಿರುತ್ತದೆ. ಕವಾಟಗಳ ಸಂದಿಯಲ್ಲಿ ರಕ್ತ ನಿಂತಲ್ಲೇ ನಿಲ್ಲುತ್ತದೆ. 1850ರ ದಶಕದಲ್ಲೇ ಜರ್ಮನಿಯ ರುಡಾಲ್ಫ್ ವಿರ್ಚೋ ಕಾಲಿನ ಹೆಪ್ಪಿಗೂ ಶ್ವಾಸಕೋಶದಲ್ಲಿ ಸಿಗುವ ಹೆಪ್ಪಿಗೂ ಇರುವ ಸಂಬಂಧವನ್ನು ವಿವರಿಸಿದ್ದ. ಅದು ಶ್ವಾಸಕೋಶದಲ್ಲಿ ಹುಟ್ಟುವುದಲ್ಲ, ಬೇರೆಲ್ಲೋ ಹುಟ್ಟಿ ರಕ್ತದ ಜೊತೆ ಅಲ್ಲಿಗೆ ಬಂದು ಸಿಕ್ಕಿಕೊಳ್ಳುತ್ತದೆ ಅಂತ. ಇವತ್ತಿಗೂ ಡಾಕ್ಟರುಗಳು ಅವನ ಹೆಸರಿನಲ್ಲೇ ಮೂರು ಕಾರಣ ಎಣಿಸುತ್ತಾರೆ. ರಕ್ತ ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಸ್ವಭಾವ ಜಾಸ್ತಿಯಾಗುವುದು. ಪ್ರಯಾಣ ಮೊದಲನೆಯದನ್ನು ಒದಗಿಸುತ್ತದೆ. ಉಳಿದ ಎರಡರಲ್ಲಿ ಒಂದು ಆ ಮನುಷ್ಯನಲ್ಲಿ ಮೊದಲೇ ಇದ್ದರೆ ಅಪಾಯ ಏರುತ್ತದೆ. ವಿರ್ಚೋ ಹುಟ್ಟಿದ ದಿನ ಅಕ್ಟೋಬರ್ 13. ಅದನ್ನೇ 2014ರಿಂದ ವಿಶ್ವ ಥ್ರಾಂಬೋಸಿಸ್ ದಿನ ಅಂತ ಆಚರಿಸುತ್ತಿದ್ದಾರೆ.

ಲಂಡನ್ನಿನ ಮಡಚುವ ಕುರ್ಚಿಗಳು

ಈ ವಿಷಯ ಹುಡುಕುತ್ತಾ ಹೋದಾಗ ಸಿಕ್ಕ ಒಂದು ಕಥೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಇದರಲ್ಲಿ ಪ್ರಯಾಣವೇ ಇಲ್ಲ.

1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ಜರ್ಮನಿಯ ಬಾಂಬ್ ದಾಳಿ ಶುರುವಾಯಿತು. ರಾತ್ರಿ ಆದರೆ ಸಾಕು, ಜನ ನೆಲದಡಿಯ ಆಶ್ರಯಗಳಿಗೆ ಇಳಿಯುತ್ತಿದ್ದರು. ಮಲಗಲು ಜಾಗ ಇಲ್ಲ. ಹಾಗಾಗಿ ಹಲವರು ಕ್ಯಾನ್ವಾಸಿನ ಮಡಚುವ ಕುರ್ಚಿ ಹೊತ್ತು ಹೋಗಿ ಬೆಳಗಿನ ತನಕ ಅದರಲ್ಲೇ ಕೂರುತ್ತಿದ್ದರು. ಕೂತಲ್ಲೇ ನಿದ್ದೆ. ಆ ಕುರ್ಚಿಗೆ ಮುಂದುಗಡೆ ಒಂದು ಮರದ ಅಡ್ಡಪಟ್ಟಿ ಇರುತ್ತದೆ. ಕೂತವರ ಭಾರಕ್ಕೆ ಕ್ಯಾನ್ವಾಸು ಜಗ್ಗಿ ಆ ಪಟ್ಟಿ ನೇರವಾಗಿ ತೊಡೆಯ ಹಿಂಭಾಗಕ್ಕೆ ಒತ್ತುತ್ತದೆ. ಬೆಳಿಗ್ಗೆ ಸೈರನ್ ನಿಂತ ಮೇಲೆ ಎದ್ದು ಮನೆ ಕಡೆ ನಡೆದವರಲ್ಲಿ ಕೆಲವರು ದಿಢೀರನೆ ಕುಸಿದು ಸತ್ತರು. ಬಾಂಬಿನ ಏಟಿಲ್ಲ, ಗಾಯವಿಲ್ಲ. ಶವಪರೀಕ್ಷೆ ಮಾಡುತ್ತಿದ್ದ ಕೀತ್ ಸಿಂಪ್ಸನ್ ಅನ್ನುವ ವೈದ್ಯ ಇದನ್ನು ಗಮನಿಸಿದ. ಶ್ವಾಸಕೋಶಕ್ಕೆ ಹೆಪ್ಪು ಸಿಕ್ಕಿಕೊಂಡು ಸತ್ತವರ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಆರು ಪಟ್ಟು ಏರಿತ್ತು. ಅದನ್ನು ಅದೇ ವರ್ಷ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಕುರ್ಚಿಯ ಬದಲು ಮಲಗಲು ಮಂಚಗಳು ಬೇಕು ಅಂದ. ಆಶ್ರಯಗಳಲ್ಲಿ ಸಾಲುಸಾಲಾಗಿ ಹಲಗೆ ಮಂಚಗಳು ಬಂದವು.

ಬೆಂಕಿ ಮಳೆ ಸುರಿಯುತ್ತಿದ್ದ ಊರಿನಲ್ಲಿ ಒಬ್ಬ ಡಾಕ್ಟರು ಕುರ್ಚಿಯ ಅಡ್ಡಪಟ್ಟಿಯ ಕಡೆ ಕಣ್ಣು ಹಾಯಿಸಿದ ಅನ್ನುವುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಸುತ್ತ ಸಾವಿರಾರು ಜನ ಸಾಯುತ್ತಿದ್ದಾಗ ಬೆರಳೆಣಿಕೆಯ ಈ ಸಾವುಗಳನ್ನು ಯಾರು ಬೇಕಾದರೂ ಹೃದಯಾಘಾತ ಅಂತ ಬರೆದು ಮುಚ್ಚಿಬಿಡಬಹುದಿತ್ತು.

ಮುಂದೆ 1954ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಹೋಮನ್ಸ್, ಬಹಳ ಹೊತ್ತು ಕೂತಿದ್ದರಿಂದ ಕಾಲಿನಲ್ಲಿ ಹೆಪ್ಪುಗಟ್ಟಿದ ಕೆಲವರ ಬಗ್ಗೆ ಬರೆದ. ಅವರಲ್ಲಿ ವಿಮಾನದಲ್ಲಿ ಹೋದವರಿದ್ದರು, ಕಾರಿನಲ್ಲಿ ಹೋದವರಿದ್ದರು, ನಾಟಕ ನೋಡಲು ಕೂತವರೂ ಇದ್ದರು. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು ದಿನಕ್ಕೆ 12 ಗಂಟೆಗೂ ಜಾಸ್ತಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ 32 ವರ್ಷದ ಯುವಕನ ಬಗ್ಗೆ ಬರೆದರು. ಅವನ ಶ್ವಾಸಕೋಶದ ತನಕ ಹೆಪ್ಪು ಹೋಗಿತ್ತು. 2004ರಲ್ಲಿ ಜಪಾನಿನ ನೀಗಾಟಾದಲ್ಲಿ ಭೂಕಂಪ ಆದಾಗ ಜನ ಮನೆಯೊಳಗೆ ಮಲಗಲು ಹೆದರಿ ಕಾರಿನ ಸೀಟಿನಲ್ಲೇ ರಾತ್ರಿಗಳನ್ನು ಕಳೆದರು. ಅಲ್ಲೂ ಇದೇ ಕಾಯಿಲೆ ಬಂತು, ಸಾವುಗಳಾದವು. ಕಾರು ಒಂದಡಿಯೂ ಮುಂದೆ ಹೋಗಿರಲಿಲ್ಲ.

ಇದಕ್ಕೆ ಎಕಾನಮಿ ಕ್ಲಾಸ್ ಸಿಂಡ್ರೋಮ್ ಅನ್ನುವ ಹೆಸರು ಅಂಟಿಕೊಂಡಿದ್ದರಿಂದ ಅನೇಕರು ಇದನ್ನು ವಿಮಾನದ ಕಾಯಿಲೆ ಅಂದುಕೊಂಡಿದ್ದಾರೆ. ಬಸ್ಸಿನಲ್ಲಿ ಹೋಗುವವರಿಗೆ ಇದರ ಚಿಂತೆ ಇಲ್ಲ ಅಂತಲೂ, ದುಬಾರಿ ಸೀಟಿನವರಿಗೆ ಬರುವುದಿಲ್ಲ ಅಂತಲೂ. ಎರಡೂ ಸರಿಯಲ್ಲ. ಅಗಲವಾದ ಸೀಟಿನಲ್ಲೂ ಮಾತ್ರೆ ನುಂಗಿ ಎಂಟು ಗಂಟೆ ಮುದುಡಿ ನಿದ್ದೆ ಮಾಡಿದರೆ ಮೀನಖಂಡ ಕೆಲಸ ಮಾಡುವುದಿಲ್ಲ.

ಎಷ್ಟು ಹೆದರಬೇಕು?

ಇಲ್ಲಿ ನಾನು ಸ್ವಲ್ಪ ಎಚ್ಚರಿಕೆಯಿಂದ ಬರೆಯಬೇಕು. ಓದಿದವರು ಪ್ರಯಾಣವೇ ಬೇಡ ಅಂತ ಕೂತುಬಿಟ್ಟರೆ ನನಗೆ ಬೇಜಾರಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ದೊಡ್ಡ ಅಧ್ಯಯನ ಮಾಡಿಸಿ 2007ರಲ್ಲಿ ವರದಿ ಕೊಟ್ಟಿತು. ನಾಲ್ಕು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಕೂತು ಪ್ರಯಾಣ ಮಾಡಿದರೆ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಬಸ್ಸು, ರೈಲು, ಕಾರು, ವಿಮಾನ, ಯಾವುದಾದರೂ ಸರಿ. ಎರಡು ಪಟ್ಟು ಅಂದ ಕೂಡಲೇ ಗಾಬರಿಯಾಗುತ್ತದೆ, ಅಲ್ವಾ? ಆದರೆ ಮೂಲ ಅಪಾಯವೇ ಚಿಕ್ಕದು. ಆರೋಗ್ಯವಂತರಲ್ಲಿ ಎರಡು ಪಟ್ಟಾದ ಮೇಲೂ ಅದು ಸುಮಾರು 6000 ಪ್ರಯಾಣಿಕರಲ್ಲಿ ಒಬ್ಬರಿಗೆ ಬರುವಷ್ಟು. ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ಇಳಿದ 13 ಕೋಟಿಗೂ ಹೆಚ್ಚು ಪ್ರಯಾಣಿಕರ ಲೆಕ್ಕ ಹಿಡಿದು 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಇಳಿಯುತ್ತಿದ್ದ ಹಾಗೆ ಶ್ವಾಸಕೋಶದ ಹೆಪ್ಪಿನಿಂದ ಆಸ್ಪತ್ರೆ ಸೇರಿದವರು 56 ಜನ. ದೂರ ಹೆಚ್ಚಿದಷ್ಟೂ ಅಪಾಯ ಹೆಚ್ಚಿತ್ತು. 5000 ಕಿಲೋಮೀಟರಿಗಿಂತ ಕಡಿಮೆ ದೂರ ಬಂದವರಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 10,000 ಕಿಲೋಮೀಟರ್ ದಾಟಿ ಬಂದವರಲ್ಲಿ 10 ಲಕ್ಷಕ್ಕೆ ಸುಮಾರು 5.

ಹಾಗಾದರೆ ಯಾರಿಗೆ ಚಿಂತೆ? ಒಮ್ಮೆ ಹೆಪ್ಪುಗಟ್ಟಿದವರಿಗೆ, ಅಥವಾ ಮನೆಯಲ್ಲಿ ಹತ್ತಿರದವರಿಗೆ ಬಂದಿದ್ದವರಿಗೆ. ಇತ್ತೀಚೆಗೆ ಆಪರೇಷನ್ ಆದವರಿಗೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ. ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗೆ. ಬಸುರಿಯರಿಗೆ, ಹೆರಿಗೆಯಾಗಿ ಕೆಲವೇ ವಾರ ಆದವರಿಗೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ. ತೂಕ ಬಹಳ ಜಾಸ್ತಿ ಇರುವವರಿಗೆ, ವಯಸ್ಸಾದವರಿಗೆ. ಇದರಲ್ಲಿ ಎರಡು ಮೂರು ಒಟ್ಟಿಗೆ ಸೇರಿದರೆ ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಕೆಲವರಿಗೆ ಅವರು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡಬಹುದು. ಪಟ್ಟಿ ಓದಿದರೆ ಇದು ಬರೀ ಮುದುಕರ ಕಾಯಿಲೆಯಲ್ಲ ಅನ್ನುವುದು ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ ಇನ್ನೊಂದು ಅಂಶವಿದೆ. 1.9 ಮೀಟರಿಗಿಂತ ಎತ್ತರ ಇರುವವರಿಗೂ 1.6 ಮೀಟರಿಗಿಂತ ಕುಳ್ಳಗಿರುವವರಿಗೂ ಅಪಾಯ ಜಾಸ್ತಿ ಕಂಡಿತು. ಎತ್ತರದವರ ಕಷ್ಟ ಕಣ್ಣಿಗೆ ಕಾಣುತ್ತದೆ, ಮಂಡಿ ಮುಂದಿನ ಸೀಟಿಗೆ ತಾಗುತ್ತಿರುತ್ತದೆ. ಕುಳ್ಳಗಿರುವವರದು ಕಾಣುವುದಿಲ್ಲ. ಅವರ ಪಾದ ನೆಲಕ್ಕೆ ಸರಿಯಾಗಿ ಊರುವುದೇ ಇಲ್ಲ. ಕಾಲಿನ ಭಾರವೆಲ್ಲ ಸೀಟಿನ ಅಂಚಿನ ಮೇಲೆ ಬೀಳುತ್ತದೆ, ಲಂಡನ್ನಿನ ಆ ಕುರ್ಚಿಗಳಲ್ಲಿ ಆದ ಹಾಗೆಯೇ. ನಮ್ಮ ಚಿಕ್ಕಮ್ಮ ಕುಳ್ಳಗಿನ ಹೆಂಗಸು. ಬಸ್ಸಿನ ಸೀಟಿನಲ್ಲಿ ಅವರ ಪಾದ ನೆಲದಿಂದ ಮೇಲೆ ತೂಗಾಡುತ್ತಿರುತ್ತದೆ. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಮತ್ತೆ ಹೊರಟಾಗ

ಮಾತ್ರೆ ಮುಗಿದು, ಡಾಕ್ಟರು ಸರಿ ಅಂದ ಮೇಲೆ ಚಿಕ್ಕಮ್ಮ ಮತ್ತೆ ದೂರ ಹೋಗಬೇಕಾಗಿ ಬಂತು. ಈ ಸಲ ರೈಲು. ನಾನೂ ಜೊತೆಗಿದ್ದೆ.

ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಅವರು ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಹಿಡಿಯುವ ಉದ್ದನೆಯ ಕಾಲುಚೀಲ, ಹಾಕಿಕೊಂಡರು. ಕಾಲು ಊದುವ ಮುಂಚೆಯೇ ಹಾಕಬೇಕು, ಆಮೇಲೆ ಹತ್ತುವುದಿಲ್ಲ. ಹಾಕುವುದೇ ಒಂದು ಕೆಲಸ. ಕೈ ಒಳಗೆ ಹಾಕಿ ಹಿಮ್ಮಡಿಯ ಜಾಗ ಹಿಡಿದು, ಅಲ್ಲಿಯ ತನಕ ಒಳಮೈ ಹೊರಗೆ ತಿರುಗಿಸಬೇಕು. ಮೊದಲು ಪಾದ ಸೇರಿಸಬೇಕು, ಹಿಮ್ಮಡಿ ಸರಿಯಾಗಿ ಕೂರಿಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಸವರುತ್ತಾ ಮೇಲೆ ತರಬೇಕು. ಪಾದದ ಗಂಟಿನ ಹತ್ತಿರ ಬಿಗಿ ಜಾಸ್ತಿ, ಮೇಲೆ ಬರುತ್ತಾ ಕಡಿಮೆ. ಆ ವ್ಯತ್ಯಾಸವೇ ರಕ್ತವನ್ನು ಮೇಲಕ್ಕೆ ಸಾಗಿಸುವುದು. ಅದಕ್ಕೇ ಅಂಚು ಜಾರಿ ಸುರುಳಿ ಸುತ್ತಿಕೊಂಡರೆ ತಕ್ಷಣ ಬಿಡಿಸಬೇಕು. ಮಂಡಿಯ ಕೆಳಗೆ ಸುರುಳಿಯಾದ ಸ್ಟಾಕಿಂಗ್ಸ್ ದಾರ ಕಟ್ಟಿದಂತೆ ಬಿಗಿದು ಒಳ್ಳೆಯದರ ಬದಲು ಕೆಟ್ಟದ್ದನ್ನೇ ಮಾಡುತ್ತದೆ. ಕಾಲಿನ ಅಳತೆ ತೆಗೆದೇ ಕೊಳ್ಳಬೇಕು, ಯಾರದೋ ಹಳೆಯದು ಹಾಕಿಕೊಳ್ಳಬಾರದು. ಕಾಲಿಗೆ ರಕ್ತ ಹೋಗುವ ನಾಳಗಳೇ ಕಿರಿದಾಗಿರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಡಾಕ್ಟರನ್ನು ಕೇಳದೆ ಹಾಕಲೇಬಾರದು.

ಇದರಿಂದ ನಿಜಕ್ಕೂ ಉಪಯೋಗ ಇದೆಯಾ? ಇದೆ. 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಪ್ರಯೋಗದಲ್ಲಿ 50 ದಾಟಿದ ವಿಮಾನ ಪ್ರಯಾಣಿಕರನ್ನು ಎರಡು ಗುಂಪು ಮಾಡಿ ಒಂದಕ್ಕೆ ಸ್ಟಾಕಿಂಗ್ಸ್ ಕೊಟ್ಟಿದ್ದರು. ಹಾಕದವರಲ್ಲಿ ನೂರಕ್ಕೆ ಹತ್ತು ಜನರ ಮೀನಖಂಡದಲ್ಲಿ ಸದ್ದಿಲ್ಲದ ಸಣ್ಣ ಹೆಪ್ಪು ಸಿಕ್ಕಿತು. ಹಾಕಿದವರಲ್ಲಿ ಒಬ್ಬರಿಗೂ ಇಲ್ಲ. ಇಂಥ ಸಣ್ಣ ಹೆಪ್ಪುಗಳಲ್ಲಿ ಬಹಳಷ್ಟು ತಾವಾಗಿಯೇ ಕರಗಿಹೋಗುತ್ತವೆ, ಅದನ್ನೂ ಹೇಳಬೇಕು. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಕೊಟ್ಟ ಮಾರ್ಗಸೂಚಿ ನನಗೆ ಹಿಡಿಸಿತು. ಅಪಾಯ ಜಾಸ್ತಿ ಇರುವವರು ಆಗಾಗ ಎದ್ದು ಓಡಾಡಲಿ, ಮೀನಖಂಡಕ್ಕೆ ಕೆಲಸ ಕೊಡಲಿ, ಸಾಧ್ಯವಾದರೆ ನಡುದಾರಿ ಪಕ್ಕದ ಸೀಟು ಹಿಡಿಯಲಿ, ಪಾದದ ಗಂಟಿನಲ್ಲಿ 15ರಿಂದ 30 ಮಿಲಿಮೀಟರ್ ಪಾದರಸದಷ್ಟು ಒತ್ತಡ ಕೊಡುವ ಮಂಡಿ ಕೆಳಗಿನ ಸ್ಟಾಕಿಂಗ್ಸ್ ಹಾಕಲಿ. ಬೇರೆ ತೊಂದರೆ ಇಲ್ಲದವರಿಗೆ ಸ್ಟಾಕಿಂಗ್ಸ್ ಅಗತ್ಯವಿಲ್ಲ. ಪ್ರಯಾಣದ ಹೆಪ್ಪು ತಡೆಯಲು ಅಂತ ಆಸ್ಪಿರಿನ್ ನುಂಗುವುದೂ ಬೇಡ. ಕೊನೆಯದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಂದು ಮಾತ್ರೆ ಹಾಕಿಕೊಂಡು ಹೊರಟರೆ ಆಯ್ತು ಅನ್ನುವ ಸಲಹೆ ನನಗೆ ಎಲ್ಲಾ ಕಡೆಯಿಂದ ಬಂದಿದೆ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು.

ರೈಲಿನಲ್ಲಿ ಚಿಕ್ಕಮ್ಮನಿಗೆ ನಡುದಾರಿ ಪಕ್ಕದ ಸೀಟು ಕೊಡಿಸಿದ್ದೆ. ಒಂದು ಗಟ್ಟಿ ಚೀಲವನ್ನು ಅವರ ಪಾದದಡಿ ಇಟ್ಟೆ. ಮಂಡಿ ಸ್ವಲ್ಪ ಮೇಲೆ ಬಂತು, ತೊಡೆಯ ಹಿಂದೆ ಕೈ ತೂರಿಸುವಷ್ಟು ಸಂದಿಯಾಯಿತು. ಅವರು ಕೂತಲ್ಲೇ ಹಿಮ್ಮಡಿ ಎತ್ತುವುದು, ಇಳಿಸುವುದು, ಆಮೇಲೆ ಬೆರಳುಗಳನ್ನು ಮೇಲೆತ್ತುವುದು ಮಾಡುತ್ತಿದ್ದರು. ಮೀನಖಂಡ ಬಿಗಿಯುವುದು ಕೈಯಿಟ್ಟರೆ ಗೊತ್ತಾಗುತ್ತದೆ. ಆಗಾಗ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದರು.

ಕಿಟಕಿ ಪಕ್ಕ ಒಬ್ಬ ಬಸುರಿ ಹುಡುಗಿ ಕೂತಿದ್ದಳು. ಹತ್ತಿದಾಗಿನಿಂದ ಎದ್ದಿರಲಿಲ್ಲ. ಕೈಯಲ್ಲಿ ನೀರಿನ ಬಾಟಲಿ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಒಂದೆರಡು ಸಲ ನಮ್ಮ ಮಂಡಿಗಳ ಕಡೆ ನೋಡಿ, ಮತ್ತೆ ಕಿಟಕಿಯಾಚೆ ನೋಡಿದಳು. ಚಿಕ್ಕಮ್ಮ ಅವಳ ಕಡೆ ಬಾಗಿ, "ಏಳ್ಬೇಕು ಅನ್ಸಿದ್ರೆ ಎದ್ದುಬಿಡಮ್ಮ, ಹತ್ತು ಸಲ ಆದ್ರೂ ಪರ್ವಾಗಿಲ್ಲ. ನಾನೂ ಏಳೋಳೇ" ಅಂದರು. ಹುಡುಗಿ ಆ ಮಾತು ಮುಗಿಯುವ ಮೊದಲೇ ಎದ್ದಳು. ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳು ಅನ್ನುವುದು ಆ ಅವಸರದಲ್ಲೇ ಗೊತ್ತಾಯಿತು. ವಾಪಸ್ ಬಂದು ಅರ್ಧ ಬಾಟಲಿ ನೀರು ಒಂದೇ ಸಲಕ್ಕೆ ಕುಡಿದಳು.

ನನಗೆ ಹೇಳಬೇಕಿರುವುದು ಇದೇ. ವ್ಯಾಯಾಮದ ಚಿತ್ರಗಳು ಎಲ್ಲಾ ಕಡೆ ಸಿಗುತ್ತವೆ. ಪಾದ ತಿರುಗಿಸಿ, ಹಿಮ್ಮಡಿ ಎತ್ತಿ, ನೀರು ಕುಡಿಯಿರಿ ಅಂತ. ಜನ ಅದನ್ನು ಮಾಡದೆ ಇರುವುದು ಗೊತ್ತಿಲ್ಲದೆ ಅಲ್ಲ, ಸಂಕೋಚದಿಂದ. ಪಕ್ಕದವರ ನಿದ್ದೆ ಕೆಡುತ್ತದೆ, ಹಿಂದಿನವರು ಏನಂದುಕೊಳ್ಳುತ್ತಾರೋ, ಪದೇ ಪದೇ ಎದ್ದರೆ ಚೆನ್ನಾಗಿರುವುದಿಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹಾಗಾಗಿ ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟುಬಿಡುವ ಹೆಂಗಸರು ಎಷ್ಟಿಲ್ಲ? ನೀರು ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ ಅನ್ನಲು ಗಟ್ಟಿ ಸಾಕ್ಷಿ ಇಲ್ಲ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಆದರೂ ನೀರು ಕುಡಿಯಿರಿ ಅಂತಲೇ ನಾನು ಹೇಳುತ್ತೇನೆ. ಕುಡಿದವರು ಏಳಲೇಬೇಕಾಗುತ್ತದೆ, ನಾಲ್ಕು ಹೆಜ್ಜೆ ನಡೆಯಲೇಬೇಕಾಗುತ್ತದೆ. ಸಂಕೋಚ ಹೋಗಲಾಡಿಸುವುದು ನಡುದಾರಿ ಪಕ್ಕ ಕೂತವರ ಕೈಯಲ್ಲಿದೆ. ದೂರದ ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲೂ ಇದೆ. ಅವರು ನಿಲ್ಲಿಸಿದಾಗ "ಬೇಕಾದವರು ಇಳೀರಿ" ಅನ್ನುವ ಬದಲು ದೀಪ ಹಾಕಿ "ಎಲ್ಲಾರೂ ಒಂದ್ಸಲ ಇಳಿದು ನಡೆದು ಬನ್ನಿ" ಅಂದರೆ ಎಷ್ಟು ವ್ಯತ್ಯಾಸವಾಗುತ್ತದೆ. ಆ ಡ್ರೈವರ್ ಕೂಡ ಅಷ್ಟೇ ಹೊತ್ತು ಕೂತಿರುತ್ತಾರೆ, ನೆನಪಿರಲಿ.

ಊರು ತಲುಪಿದ ಮೇಲೆ

ಪ್ರಯಾಣ ಮುಗಿದ ಕೂಡಲೇ ಅಪಾಯ ಮುಗಿಯುವುದಿಲ್ಲ. ಸುಮಾರು ನಾಲ್ಕು ವಾರದ ತನಕ ಅದು ಸ್ವಲ್ಪ ಏರಿಯೇ ಇರುತ್ತದೆ. ಹಾಗಾಗಿ ಕಾಲು ಊದಿದಾಗ ಯಾರೂ ಹಳೆಯ ಪ್ರಯಾಣವನ್ನು ನೆನೆಯುವುದಿಲ್ಲ. ಒಂದೇ ಕಾಲು ಊದುವುದು, ನೋಯುವುದು, ಬೆಚ್ಚಗಾಗುವುದು, ಬಣ್ಣ ಬದಲಾಗುವುದು ಕಾಲಿನ ಹೆಪ್ಪಿನ ಗುರುತುಗಳು. ಸುಮಾರು ಅರ್ಧದಷ್ಟು ಜನಕ್ಕೆ ಈ ಗುರುತುಗಳೂ ಇರುವುದಿಲ್ಲ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುತ್ತದೆ, ಉಸಿರು ಎಳೆದಾಗ ಎದೆಯಲ್ಲಿ ಚುಚ್ಚುತ್ತದೆ, ಎದೆ ಬಡಿತ ಜೋರಾಗುತ್ತದೆ, ಕೆಮ್ಮಿದರೆ ರಕ್ತ ಬರಬಹುದು, ತಲೆ ತಿರುಗಿ ಬೀಳಬಹುದು. ಆಗ ಬೆಳಗಾಗಲಿ ಅಂತ ಕಾಯಬಾರದು. ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ತಮ್ಮ ಅನುಭವವನ್ನು ತಾವೇ ಹೇಳಿಕೊಂಡಿದ್ದಾರೆ. 2011ರಲ್ಲಿ ಅವರ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತ್ತು. 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಂತಾದಾಗ ಅವರಿಗೆ ಇದು ಅದೇ ಅಂತ ಅನ್ನಿಸಿತು. ನರ್ಸಿಗೆ ಹೇಳಿದರು, ಸಿಟಿ ಸ್ಕ್ಯಾನ್ ಬೇಕು, ಹೆಪಾರಿನ್ ಬೇಕು ಅಂತ. ನೋವಿನ ಔಷಧದ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆ ಅಂದುಕೊಂಡರು. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಹೆಪ್ಪುಗಳಿದ್ದವು. ಜಗತ್ತೇ ಗುರುತಿಸುವ ಒಬ್ಬ ಆಟಗಾರ್ತಿ, ತನಗೇನಾಗಿದೆ ಅಂತ ಸ್ಪಷ್ಟವಾಗಿ ಗೊತ್ತಿದ್ದು ಹೇಳಿದರೂ ಮೊದಲ ಸಲಕ್ಕೆ ಕೇಳಿಸಲಿಲ್ಲ.

ನಮ್ಮಂಥವರ ವಿಷಯದಲ್ಲಿ ಡಾಕ್ಟರು ತಾವಾಗಿ ಕೇಳುತ್ತಾರೆ ಅಂತ ಕಾಯಬಾರದು. ಚಿಕ್ಕಮ್ಮನ ಡಾಕ್ಟರು ಪ್ರಯಾಣದ ಬಗ್ಗೆ ಕೇಳಿದರು, ಎಲ್ಲರೂ ಕೇಳುವುದಿಲ್ಲ. ಕಾಲು ನೋವು ಅಂತಷ್ಟೇ ಹೇಳಿದರೆ ಸ್ನಾಯು ಸೆಳೆತ ಅಂತ ಮುಲಾಮು ಬರೆದುಕೊಡುವುದು ಸುಲಭ. ಉಸಿರಾಟದ ತೊಂದರೆ ಅಂದರೆ ನೆಗಡಿಯೋ ಆತಂಕವೋ ಅನ್ನಿಸಬಹುದು. ಒಳಗೆ ಹೋಗಿ ಕೂತ ತಕ್ಷಣ ಮೊದಲು ಇಷ್ಟು ಹೇಳಿ: ಒಂದೇ ಕಾಲು ಊದಿದೆ, ಇಂಥ ದಿನ ಇಷ್ಟು ಗಂಟೆ ಕೂತು ಬಂದಿದ್ದೇನೆ, ನನಗೋ ಮನೆಯವರಿಗೋ ಮೊದಲು ಹೆಪ್ಪುಗಟ್ಟಿತ್ತು, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ವಯಸ್ಸಾದವರ ಜೊತೆ ಹೋದವರು ಅವರ ಪರವಾಗಿ ಹೇಳಿ. "ಸುಮ್ನೆ ಕೂತಿದ್ದೆ ಅಷ್ಟೆ" ಅಂತ ಅವರು ಅಂದರೆ, ಎಷ್ಟು ಹೊತ್ತು ಅನ್ನುವುದನ್ನು ನೀವು ಸೇರಿಸಿ.